ಕ್ಯಾರೋಲ್ ಕಿಂಗ್ ಪ್ರಾಜೆಕ್ಟ್ ಎಲ್ಲಿಗೆ ಬಂತು

ಹೊಸದಾಗಿ ಓದುತ್ತಿರುವವರಿಗೆ ಒಂದು ಮಾತು. ಹಾಡು ಬರೆದು ಹಾಡುವ ಅಮೆರಿಕದ ಕ್ಯಾರೋಲ್ ಕಿಂಗ್ ಅವರ ಹಾಡುಗಳನ್ನು ಬರೆದ ಕ್ರಮದಲ್ಲೇ ಕೇಳಿಕೊಂಡು ಹೋಗಿ, ಒಂದೊಂದು ಕಾಲದಿಂದ ಒಂದೆರಡು ಹಾಡನ್ನು ಕೀಬೋರ್ಡ್ ಮೇಲೆ ಕೂರಿಸಿಕೊಳ್ಳುವುದು ಈ ಪ್ರಾಜೆಕ್ಟ್. ಎಲ್ಲರೂ 1971ರ 'ಟ್ಯಾಪೆಸ್ಟ್ರಿ' ಆಲ್ಬಮ್‌ನಿಂದ ಶುರು ಮಾಡುತ್ತಾರೆ. ನಾನು ಬೇಕಂತಲೇ ಅದನ್ನು ಕೊನೆಗೆ ಇಟ್ಟುಕೊಂಡೆ. ಅದಕ್ಕೂ ಹತ್ತು ವರ್ಷ ಮುಂಚೆಯೇ ಆಕೆ ಅಮೆರಿಕದ ನಂಬರ್ ಒನ್ ಹಾಡು ಬರೆದಾಗಿತ್ತು. ಹಾಡಿದವರು ಬೇರೆಯವರು, ಅಷ್ಟೇ.

ಜೂನ್

ಬಾಲ್ಯವನ್ನು ಬೇಗ ಮುಗಿಸಿಬಿಡುತ್ತೇನೆ. 1942ರ ಫೆಬ್ರವರಿ 9ರಂದು ನ್ಯೂಯಾರ್ಕ್‌ನಲ್ಲಿ ಹುಟ್ಟಿದ್ದು, ಬ್ರೂಕ್ಲಿನ್‌ನಲ್ಲಿ ಬೆಳೆದದ್ದು. ಹುಟ್ಟುಹೆಸರು ಕ್ಯಾರೋಲ್ ಕ್ಲೈನ್. ಅಪ್ಪ ಅಗ್ನಿಶಾಮಕ ದಳದಲ್ಲಿದ್ದರು, ಅಮ್ಮ ಟೀಚರ್. ಮೊದಲು ಪಿಯಾನೊ ಕಲಿಸಿದ್ದೂ ಅಮ್ಮನೇ. ಕಾಲೇಜಿನಲ್ಲಿ ಜೆರಿ ಗಾಫಿನ್ ಸಿಕ್ಕರು. 1959ರಲ್ಲಿ ಮದುವೆ. ಆಗ ಆಕೆಗೆ ಬರೀ 17 ವರ್ಷ. ಮರುವರ್ಷವೇ ಕೈಯಲ್ಲಿ ಮಗು.

ನನಗೆ ರುಚಿ ಹತ್ತಿದ್ದು ಇಲ್ಲಿಂದ ಮುಂದೆ. ಹಗಲು ಗಾಫಿನ್ ಕೆಮಿಸ್ಟ್ ಒಬ್ಬರ ಕೈಕೆಳಗೆ ಕೆಲಸ ಮಾಡುತ್ತಿದ್ದರು. ಸಾಹಿತ್ಯ ಅವರದು, ಟ್ಯೂನ್ ಈಕೆಯದು. ಬ್ರಾಡ್‌ವೇ ರಸ್ತೆಯ 1650ನೇ ನಂಬರ್ ಕಟ್ಟಡದಲ್ಲಿ ಆಲ್ಡನ್ ಮ್ಯೂಸಿಕ್ ಅಂತ, ಹಾಡು ಬರೆಸಿ ಗಾಯಕರಿಗೆ ಒದಗಿಸುವ ಕಂಪನಿ. ಅಲ್ಲಿ ಚಿಕ್ಕಚಿಕ್ಕ ಕೋಣೆಗಳು, ಒಳಗೊಂದು ಪಿಯಾನೊ. ಒಂದು ಜೋಡಿ ಟ್ಯೂನ್ ಹಾಕುತ್ತಿದ್ದರೆ ಪಕ್ಕದ ಕೋಣೆಯ ಜೋಡಿಗೆ ಗೋಡೆಯಾಚೆ ಕೇಳಿಸುತ್ತಿತ್ತು. ಪಕ್ಕದವರೆಂದರೆ ಬ್ಯಾರಿ ಮ್ಯಾನ್, ಸಿಂಥಿಯಾ ವೈಲ್. ಅವರೂ ಗಂಡ ಹೆಂಡತಿ, ಅವರೂ ಹಾಡು ಬರೆಯುವವರು. ಪೈಪೋಟಿ ಹೇಗಿದ್ದಿರಬೇಡ!

ಶಿರೆಲ್ಸ್ ಎಂಬ ಹುಡುಗಿಯರ ತಂಡಕ್ಕೆ ಒಂದು ಹಾಡು ಬೇಕಿತ್ತು. ಆಕೆ ಟ್ಯೂನನ್ನು ಮನೆಯ ಟೇಪ್ ರೆಕಾರ್ಡರ್‌ನಲ್ಲಿ ಬಿಟ್ಟು ಹೊರಗೆ ಹೋಗಿದ್ದರಂತೆ. ಗಾಫಿನ್ ಕೆಲಸ ಮುಗಿಸಿ ಬಂದು, ಕೇಳಿ, ಸಾಹಿತ್ಯ ಬರೆದರು. 'ವಿಲ್ ಯು ಲವ್ ಮಿ ಟುಮಾರೊ' ಹುಟ್ಟಿದ್ದು ಹೀಗೆ. ರೆಕಾರ್ಡಿಂಗ್‌ನಲ್ಲಿ ವಯಲಿನ್‌ಗಳು ಏನು ನುಡಿಸಬೇಕು ಅಂತ ಬರೆದುಕೊಟ್ಟದ್ದೂ ಆಕೆಯೇ. 1961ರ ಜನವರಿಯಲ್ಲಿ ಹಾಡು ನಂಬರ್ ಒನ್ ಆಯಿತು. ಕಪ್ಪು ಹುಡುಗಿಯರ ತಂಡವೊಂದು ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯ ತುದಿಗೆ ಹೋದದ್ದು ಅದೇ ಮೊದಲು.

ಈ ಹಾಡು ನನ್ನ ಕೈಗೆ ಕೂತಿದೆ. ನುಡಿಸೋಕೆ ಕಷ್ಟವೇನಿಲ್ಲ. ಆದರೆ ಚರಣದ ಮಧ್ಯೆ ಬರುವ ಒಂದು ಇ ಮೇಜರ್ ಕಾರ್ಡ್ (ಒಟ್ಟಿಗೆ ಒತ್ತುವ ಸ್ವರಗಳ ಗುಂಪು) ಇದೆ. ಸಿ ಮೇಜರ್ ಸ್ಕೇಲ್‌ನಲ್ಲಿ ಆರಾಮಾಗಿ ಹೋಗುತ್ತಿರುವಾಗ ತಟ್ಟನೆ ಜಿ ಶಾರ್ಪ್ ಬಂದು, ಅಲ್ಲಿಂದ ಎ ಮೈನರ್‌ಗೆ ಇಳಿಯುತ್ತದೆ. ಹುಡುಗಿಯ ಅನುಮಾನವೆಲ್ಲ ಆ ಒಂದು ಕಪ್ಪು ಕೀಯಲ್ಲಿ ಕೂತಿದೆ ಅನ್ನಿಸಿತು. ಆಗ ಆಕೆಗೆ 18 ವರ್ಷ.

ಜುಲೈ

ಈ ತಿಂಗಳು ನುಡಿಸಿದ್ದು ಕಡಿಮೆ, ಕೇಳಿದ್ದು ಜಾಸ್ತಿ. ಕೇಳಿದ್ದೆಲ್ಲ ಡೆಮೊಗಳು.

ಹಾಡು ಬರೆದವರು ಗಾಯಕರಿಗೆ ಕೇಳಿಸಲು ಒಂದು ಕಚ್ಚಾ ರೆಕಾರ್ಡಿಂಗ್ ಮಾಡಿಕೊಡುತ್ತಾರೆ. ನಮ್ಮ ಸಿನಿಮಾದವರು ಟ್ರ್ಯಾಕ್ ಹಾಡಿಸಿ ಇಟ್ಟುಕೊಳ್ಳುತ್ತಾರಲ್ಲ, ಹೆಚ್ಚುಕಡಿಮೆ ಹಾಗೆ. ಕಿಂಗ್ ತಮ್ಮ ಹಾಡುಗಳಿಗೆ ತಾವೇ ಪಿಯಾನೊ ನುಡಿಸಿ, ತಾವೇ ಹಾಡಿ ಕೊಡುತ್ತಿದ್ದರು. ಬೇಸ್, ಅಂದರೆ ಕೆಳಗಿನ ಸ್ವರ, ಎಲ್ಲಿ ಏರಬೇಕು, ಹಿಂದಿನ ಕೋರಸ್ ಎಲ್ಲಿ ಸೇರಬೇಕು ಅನ್ನುವುದೆಲ್ಲ ಆ ಡೆಮೊದಲ್ಲೇ ಇರುತ್ತಿತ್ತು.

ಮಜಾ ಏನೆಂದರೆ, ಡೆಮೊಗಳೇ ಸುಮ್ಮನಿರಲಿಲ್ಲ. 1962ರಲ್ಲಿ 'ದಿ ಲೋಕೋಮೋಷನ್' ಹಾಡನ್ನು ಅವರ ಮಗು ನೋಡಿಕೊಳ್ಳುತ್ತಿದ್ದ ಈವಾ ಬಾಯ್ಡ್ ಎಂಬ ಹುಡುಗಿಯ ಹತ್ತಿರ ಹಾಡಿಸಿದರು. ಕಂಪನಿಯವರು ಕೇಳಿ, ಬೇರೆ ಯಾರೂ ಬೇಡ, ಇವಳೇ ಇರಲಿ ಅಂದರು. ಲಿಟಲ್ ಈವಾ ಹೆಸರಲ್ಲಿ ಬಂದ ಆ ಹಾಡು ನಂಬರ್ ಒನ್. ಅದೇ ವರ್ಷ ಬಾಬಿ ವೀ ಎಂಬ ಗಾಯಕನಿಗೆಂದು ಕಿಂಗ್ ಹಾಡಿಟ್ಟ ಡೆಮೊ ಆಕೆಯ ದನಿಯಲ್ಲೇ ಹೊರಬಂತು. ಇಂಗ್ಲೆಂಡಿನಲ್ಲಿ 3ನೇ ಸ್ಥಾನಕ್ಕೆ ಹೋಯಿತು. ಆದರೂ ಆಕೆ ಗಾಯಕಿಯಾಗಲು ಹೊರಡಲಿಲ್ಲ. ಮರುವರ್ಷ ಬೀಟಲ್ಸ್‌ನವರು ತಮ್ಮ ಮೊದಲ ಆಲ್ಬಮ್‌ನಲ್ಲಿ ಕಿಂಗ್-ಗಾಫಿನ್ ಜೋಡಿಯ 'ಚೇನ್ಸ್' ಹಾಡಿದರು. 1967ರಲ್ಲಿ ಗಾಯಕಿ ಅರೀಥಾ ಫ್ರ್ಯಾಂಕ್ಲಿನ್‌ಗೆ 'ನ್ಯಾಚುರಲ್ ವುಮನ್' ಬರೆದರು. ಅರೀಥಾ ಹಾಡಿದ ಮೇಲೆ ಅದನ್ನು ಇನ್ನೊಬ್ಬರು ಮುಟ್ಟಲು ಧೈರ್ಯ ಬೇಕು. ಬರೆದವರಿಗೂ ಬೇಕು.

ಮನೆಯಲ್ಲಿ ಇದನ್ನೆಲ್ಲ ಹಾಕಿಕೊಂಡು ಕೂತಿದ್ದಾಗ ಅಕ್ಕನ ಮಗಳು ಬಂದಿದ್ದಳು. ಅವಳು ಚೆನ್ನಾಗಿ ಹಾಡುತ್ತಾಳೆ. ಸ್ವಲ್ಪ ಹೊತ್ತು ಕೇಳಿ, "ಮಾಮಾ, ಇವರ ವಾಯ್ಸ್ ಅಷ್ಟೇನೂ ದೊಡ್ಡದಿಲ್ಲ ಅಲ್ವಾ?" ಅಂದಳು. ನಿಜ, ದೊಡ್ಡದಿಲ್ಲ. ಮೇಲಿನ ಸ್ವರಗಳಲ್ಲಿ ಸ್ವಲ್ಪ ಒಡೆದಂತೆ ಕೇಳಿಸುತ್ತದೆ. "ಆದ್ರೂ ಪಕ್ಕದಲ್ಲಿ ಕೂತು ಹೇಳ್ತಿರೋ ಥರ ಇದೆ" ಅಂತ ಅವಳೇ ಸೇರಿಸಿದಳು. ನಾನು ಇಷ್ಟು ದಿನ ಬರೆದುಕೊಂಡ ನೋಟ್ಸ್‌ಗಿಂತ ಇದು ವಾಸಿ.

ಆಗಸ್ಟ್

1968ರಲ್ಲಿ ಮದುವೆ ಮುರಿಯಿತು. ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಆಕೆ ಲಾಸ್ ಏಂಜಲಿಸ್‌ನ ಲಾರೆಲ್ ಕ್ಯಾನಿಯನ್‌ಗೆ ಹೋದರು. ಡ್ಯಾನಿ ಕಾರ್ಚ್‌ಮಾರ್, ಚಾರ್ಲ್ಸ್ ಲಾರ್ಕಿ ಜೊತೆ 'ದಿ ಸಿಟಿ' ಅಂತ ತಂಡ ಕಟ್ಟಿದರು. ಒಂದೇ ಆಲ್ಬಮ್. ವೇದಿಕೆ ಹತ್ತಲು ಆಕೆಗೆ ಭಯ, ಹಾಗಾಗಿ ಊರೂರು ತಿರುಗಿ ಹಾಡಲಿಲ್ಲ, ಆಲ್ಬಮ್ ಓಡಲಿಲ್ಲ. ಆ ಭಯ ಬಿಡಿಸಿದವರಲ್ಲಿ ಗಾಯಕ ಜೇಮ್ಸ್ ಟೇಲರ್ ಮುಖ್ಯ. ಆತನ ಆಲ್ಬಮ್‌ಗೆ ಈಕೆ ಪಿಯಾನೊ ನುಡಿಸಿದ್ದರು. ತನ್ನ ಕಾರ್ಯಕ್ರಮದಲ್ಲಿ ಆತ ಈಕೆಯಿಂದ ಹಾಡಿಸಿದ.

ಇನ್ನು ಟ್ಯಾಪೆಸ್ಟ್ರಿ. ನಿರ್ಮಾಪಕ ಲೂ ಆಡ್ಲರ್ ಹಿಂದೆ ಆಲ್ಡನ್ ಕಂಪನಿಯ ಲಾಸ್ ಏಂಜಲಿಸ್ ಕಚೇರಿ ನೋಡಿಕೊಳ್ಳುತ್ತಿದ್ದವರು. ಕಿಂಗ್ ಡೆಮೊಗಳನ್ನು ವರ್ಷಗಟ್ಟಲೆ ಕೇಳಿದ್ದ ಮನುಷ್ಯ. ಆ ಡೆಮೊಗಳ ಗುಣವೇ ಆಲ್ಬಮ್‌ನಲ್ಲೂ ಇರಬೇಕು ಅಂತ ಅವರ ಹಟ. ಅದಕ್ಕೇ ಪಿಯಾನೊ ಮುಂದೆ, ಮಿಕ್ಕವರೆಲ್ಲ ಹಿಂದೆ. ಈ ಪ್ರಾಜೆಕ್ಟ್‌ನಲ್ಲಿ ನನಗೆ ಸಿಕ್ಕ ದೊಡ್ಡ ವಿಷಯ ಇದೇ. 1971ರಲ್ಲಿ ಆಕೆ ಹೊಸ ಅವತಾರವೇನೂ ಎತ್ತಲಿಲ್ಲ. ಹತ್ತು ವರ್ಷದಿಂದ ಮಾಡುತ್ತಿದ್ದ ಡೆಮೊವನ್ನೇ ಈ ಸಲ ಬೇರೆಯವರಿಗೆ ಕೊಡಲಿಲ್ಲ. ಶಿರೆಲ್ಸ್‌ಗೆ ಕೊಟ್ಟಿದ್ದ ಹಾಡನ್ನೂ ಇದರಲ್ಲಿ ನಿಧಾನ ಮಾಡಿ ತಾವೇ ಹಾಡಿದ್ದಾರೆ. ಹಿಂದೆ ದನಿಗೂಡಿಸಿದವರು ಜೇಮ್ಸ್ ಟೇಲರ್, ಜೋನಿ ಮಿಚೆಲ್. ಅರೀಥಾ ಹಾಡಿದ್ದನ್ನೂ ಮುಟ್ಟಿದ್ದಾರೆ, ಬರೀ ಪಿಯಾನೊ ಮತ್ತು ಬೇಸ್ ಇಟ್ಟುಕೊಂಡು.

ನಾನು ಹೆಚ್ಚು ಸಮಯ ಕೊಟ್ಟಿದ್ದು 'ಇಟ್ಸ್ ಟೂ ಲೇಟ್'ಗೆ. ಸಾಹಿತ್ಯ ಟೋನಿ ಸ್ಟರ್ನ್ ಅವರದು. ಚರಣದಲ್ಲಿ ಎ ಮೈನರ್ ಸೆವೆಂತ್, ಡಿ ಸಿಕ್ಸ್ತ್, ಮತ್ತೆ ಅದೇ. ಎರಡೇ ಕಾರ್ಡ್, ಅಲ್ಲಲ್ಲೇ ಓಲಾಡುತ್ತದೆ. ಪಲ್ಲವಿಗೆ ಬಂದಾಗ ಬಿ ಫ್ಲಾಟ್ ಮೇಜರ್ ಸೆವೆಂತ್, ಆಮೇಲೆ ಎಫ್ ಮೇಜರ್ ಸೆವೆಂತ್. ಇಲ್ಲಿ ಒಂದು ಗುಟ್ಟಿದೆ. ಎಡಗೈಯಲ್ಲಿ ಬಿ ಫ್ಲಾಟ್ ಒತ್ತಿ, ಬಲಗೈಯಲ್ಲಿ ಸಾದಾ ಡಿ ಮೈನರ್ ಹಿಡಿದರೆ ಮೊದಲನೇದು ಬಂತು. ಎಡಗೈ ಎಫ್, ಬಲಗೈ ಎ ಮೈನರ್ ಅಂದರೆ ಎರಡನೇದು. ಬಲಗೈ ಮೈನರ್‌ನಲ್ಲೇ ಕೊರಗುತ್ತಿರುತ್ತದೆ, ಎಡಗೈ ಅದನ್ನು ಮೇಜರ್ ಮಾಡಿಬಿಡುತ್ತದೆ. ಸಂಬಂಧ ಮುಗಿದಿದೆ, ಜಗಳವಿಲ್ಲ, ಹೊರಡೋಣ ಅನ್ನುವ ಹಾಡಿಗೆ ಇದಕ್ಕಿಂತ ಒಪ್ಪುವ ಕಾರ್ಡ್ ಇನ್ಯಾವುದು?

ಆಕೆಯದೇ ಅನ್ನಬಹುದಾದ ಇನ್ನೊಂದು ಹಿಡಿತ: ಎಡಗೈ ಜಿ, ಬಲಗೈ ಎಫ್ ಮೇಜರ್. ಸಿ ಸ್ಕೇಲ್‌ಗೆ ವಾಪಸ್ ಬರುವ ಮುಂಚೆ ಒಂದು ಕ್ಷಣ ತಡೆದು ನಿಲ್ಲಿಸುತ್ತದೆ. ಒಮ್ಮೆ ಕಿವಿಗೆ ಬಿದ್ದರೆ ಆಕೆಯ ಹಾಡುಗಳಲ್ಲೆಲ್ಲ ಕೇಳಿಸತೊಡಗುತ್ತದೆ.

ಅಂಕಿಗಳು ಬೇಕಾದವರಿಗೆ: ಆಲ್ಬಮ್ ಅಮೆರಿಕದಲ್ಲಿ 15 ವಾರ ನಂಬರ್ ಒನ್ ಆಗಿತ್ತು. 1972ರಲ್ಲಿ ಆಕೆಗೆ 4 ಗ್ರ್ಯಾಮಿ ಪ್ರಶಸ್ತಿ. ವರ್ಷದ ಹಾಡಿನ ಗ್ರ್ಯಾಮಿ ಪಡೆದ ಮೊದಲ ಹೆಂಗಸು ಆಕೆ. ಸಮಾರಂಭಕ್ಕೆ ಹೋಗಲೇ ಇಲ್ಲ. ಮುಖಪುಟದ ಫೋಟೊ ತಮ್ಮ ಮನೆಯ ಕಿಟಕಿ ಪಕ್ಕದ್ದು. ಬರಿಗಾಲು, ಕೈಯಲ್ಲಿ ತಾವೇ ಹೆಣೆದ ಕಸೂತಿ, ಮುಂದೆ ಟೆಲಿಮಾಕಸ್ ಎಂಬ ಬೆಕ್ಕು. ಬೆಕ್ಕಿನ ಮುಖದಲ್ಲಿರುವ ಗತ್ತು ಆಕೆಯ ಮುಖದಲ್ಲಿಲ್ಲ.

ಈಗ ಎಲ್ಲಿದ್ದೇನೆ

'ಯು ಹ್ಯಾವ್ ಗಾಟ್ ಎ ಫ್ರೆಂಡ್' ಅರ್ಧಕ್ಕೆ ನಿಂತಿದೆ. ಕಿಂಗ್ ಹಾಡಿದ್ದು ಎ ಫ್ಲಾಟ್‌ನಲ್ಲಿ. ನಾಲ್ಕು ಫ್ಲಾಟ್, ನನ್ನ ಬೆರಳುಗಳಿಗೆ ಇನ್ನೂ ಒಗ್ಗಿಲ್ಲ. ಸ್ಕೇಲನ್ನು ತಾನೇ ಬದಲಿಸಿಕೊಡುವ ಟ್ರಾನ್ಸ್‌ಪೋಸ್ ಬಟನ್ ಒತ್ತಿ ಜಿ ಸ್ಕೇಲ್‌ನಲ್ಲಿ ನುಡಿಸಿದರೆ ಸಲೀಸು, ಆದರೆ ಆ ಬಟನ್ ಮುಟ್ಟಬಾರದು ಅಂತ ತೀರ್ಮಾನಿಸಿದ್ದೇನೆ. ಜೇಮ್ಸ್ ಟೇಲರ್ ಗಿಟಾರ್ ಹಿಡಿದು ಹಾಡಿದ ಇದೇ ಹಾಡು 1971ರಲ್ಲೇ ನಂಬರ್ ಒನ್ ಆಗಿತ್ತು. ಎರಡನ್ನೂ ಒಂದರ ಹಿಂದೊಂದು ಕೇಳಿದರೆ ನನ್ನ ವೋಟು ಪಿಯಾನೊಗೆ.

1973ರ ಸೆಂಟ್ರಲ್ ಪಾರ್ಕ್ ಕಾರ್ಯಕ್ರಮ, ಅಲ್ಲಿಗೆ ಸೇರಿದ್ದ ಸುಮಾರು 1 ಲಕ್ಷ ಜನ, ಆಮೇಲೆ ಐಡಾಹೊ ಬೆಟ್ಟಗಳ ಕಡೆಗೆ ಹೋಗಿ ಕಾಡು ಉಳಿಸಲು ಓಡಾಡಿದ್ದು, ಇವೆಲ್ಲ ಓದಿಯಷ್ಟೇ ಗೊತ್ತು. ಆ ಕಾಲದ ಆಲ್ಬಮ್‌ಗಳನ್ನು ಇನ್ನೂ ಸರಿಯಾಗಿ ಕೇಳಿಲ್ಲ. 1990ರಲ್ಲಿ ಗಾಫಿನ್ ಜೊತೆ ಹಾಡು ಬರೆದವರಾಗಿ ರಾಕ್ ಆಂಡ್ ರೋಲ್ ಹಾಲ್ ಆಫ್ ಫೇಮ್ ಎಂಬ ಗೌರವದ ಪಟ್ಟಿ ಸೇರಿದ ಆಕೆಯನ್ನು ಹಾಡುಗಾರ್ತಿಯಾಗಿ ಸೇರಿಸಿಕೊಂಡದ್ದು 2021ರಲ್ಲಿ. ನಡುವೆ 31 ವರ್ಷ!

ಅಕ್ಕನ ಮಗಳು ದಸರಾ ರಜೆಗೆ ಬರುತ್ತಾಳೆ. ಅಷ್ಟರಲ್ಲಿ ಎ ಫ್ಲಾಟ್ ಪಳಗಿಸಬೇಕು. ಹಾಡುವುದು ಅವಳು, ನುಡಿಸುವುದು ನಾನು, ರೆಕಾರ್ಡಿಂಗ್ ಫೋನಿನಲ್ಲೇ, ಒಂದೇ ಟೇಕ್.