ರಿವ್ಯೂ ಮಾಡುವವರಿಗೆ ಬೇರೆ ಕೆಲಸವಿದೆ

ಸಿ ಭಾಷೆಯ ಕೋಡಿಗೆ ಪ್ಯಾಚ್ (ಬದಲಾವಣೆ) ಕಳಿಸಿದರೆ ರಿವ್ಯೂ ಮಾಡುವವರಿಂದ ಬರುವ ಕಾಮೆಂಟು: "ಇಲ್ಲಿ ಸ್ಪೇಸ್ ಬೇಡ, ಟ್ಯಾಬ್ ಹಾಕಿ", "ಬ್ರೇಸ್ ಅದೇ ಸಾಲಲ್ಲಿರಲಿ". ಮ್ಯಾಲಕ್ ಮಾಡಿ (ಕೇಳಿ) ಪಡೆದ ಮೆಮೊರಿಯನ್ನು, ಎರರ್ ಬಂದಾಗಲೂ ಫ್ರೀ ಮಾಡಿ ವಾಪಸ್ ಕೊಡುತ್ತಾ ಅಂತ ಯಾರೂ ಕೇಳಿರುವುದಿಲ್ಲ. ನೋಡಬೇಕಾದದ್ದು ಅದನ್ನೇ ಅಲ್ವಾ? ಟ್ಯಾಬು, ಸ್ಪೇಸಿನ ಲೆಕ್ಕವನ್ನು, ಕೋಡನ್ನು ತಾನೇ ಓರಣವಾಗಿ ಜೋಡಿಸುವ ಟೂಲ್ ಆದ ಕ್ಲ್ಯಾಂಗ್-ಫಾರ್ಮ್ಯಾಟ್‌ಗೆ ಬಿಟ್ಟುಬಿಡೋಣ. ಲಿನಕ್ಸ್ ಕರ್ನಲ್‌ನಲ್ಲೂ 2018ರಿಂದ ಅದರ ಕಾನ್ಫಿಗ್ ಫೈಲ್ ಇದೆ.

ಆದರೆ ಹಳೆಯ ಪ್ರಾಜೆಕ್ಟಿನ ಇಡೀ ಕೋಡಿನ ಮೇಲೆ ಅದನ್ನು ಒಂದೇ ಏಟಿಗೆ ಓಡಿಸುವುದು ನನಗೆ ಇಷ್ಟವಿಲ್ಲ. ಆಮೇಲೆ ಕೋಡಿನ ಇತಿಹಾಸ ಇಡುವ ಗಿಟ್‌ನಲ್ಲಿ, ಪ್ರತಿ ಸಾಲನ್ನು ಕೊನೆಗೆ ಬದಲಿಸಿದ್ದು ಯಾರು ಅಂತ ತೋರಿಸುವ ಗಿಟ್ ಬ್ಲೇಮ್ ತೆಗೆದರೆ ಎಲ್ಲಿ ನೋಡಿದರೂ ಫಾರ್ಮ್ಯಾಟ್ ಮಾಡಿದವರದೇ ಹೆಸರು. ಈ ಲಾಕ್ ಇಲ್ಲಿ ಯಾಕಿದೆ ಅಂತ ಯಾರನ್ನು ಕೇಳುವುದು? 2019ರ ಗಿಟ್ 2.23ರಿಂದ ಅಂಥ ಕಮಿಟ್‌ಗಳನ್ನು (ದಾಖಲಾದ ಬದಲಾವಣೆಗಳನ್ನು) ಬ್ಲೇಮ್‌ನಿಂದ ಹೊರಗಿಡಬಹುದು, ನಿಜ. ಆದರೂ ಮುಖ್ಯ ಕೋಡಿಗೆ ಮರ್ಜ್ ಆಗದೆ (ಸೇರದೆ) ಕಾದಿರುವ ಬ್ರ್ಯಾಂಚುಗಳಲ್ಲಿ ಕಾನ್‌ಫ್ಲಿಕ್ಟ್ ಬಿಡಿಸುವವರ ಪಾಡು ಯಾರಿಗೂ ಬೇಡ. ಗಿಟ್ ಕ್ಲ್ಯಾಂಗ್-ಫಾರ್ಮ್ಯಾಟ್ ಅಂತ ಕೊಟ್ಟರೆ ನಾವು ಮುಟ್ಟಿದ ಸಾಲುಗಳಷ್ಟೇ ಸರಿಹೋಗುತ್ತವೆ. ನನ್ನ ಓಟು ಅದಕ್ಕೇ.

ಕಾಲಮ್ ಕಾಲಮ್ ಆಗಿ ಕೈಯಲ್ಲೇ ಜೋಡಿಸಿದ ರಿಜಿಸ್ಟರ್ ಟೇಬಲ್ (ಹಾರ್ಡ್‌ವೇರ್ ರಿಜಿಸ್ಟರ್‌ಗಳ ಪಟ್ಟಿ) ಇದ್ದರೆ ಮಾತ್ರ ಜೋಪಾನ. ಟೂಲ್ ಅದನ್ನು ಕಲಸಿ ಹಾಕುತ್ತದೆ. ಮೇಲೊಂದು 'ಕ್ಲ್ಯಾಂಗ್-ಫಾರ್ಮ್ಯಾಟ್ ಆಫ್', ಕೆಳಗೊಂದು 'ಆನ್' ಕಾಮೆಂಟ್ ಹಾಕಿದರೆ ಅದನ್ನು ಮುಟ್ಟುವುದಿಲ್ಲ. ಕೋಡಿಗೆ ಸೇರಿಸಿಕೊಳ್ಳುವ ಹೆಡರ್ ಫೈಲ್‌ಗಳ ಸಾಲುಗಳನ್ನು ತಾನೇ ಕ್ರಮವಾಗಿ ಜೋಡಿಸುವ ಆಯ್ಕೆಯೂ ಈ ಟೂಲಿನಲ್ಲಿದೆ. ಸಿ ಕೋಡಲ್ಲಿ ಆ ಕ್ರಮ ಬದಲಾದರೆ ಕೆಲವೊಮ್ಮೆ ಕಂಪೈಲೇ ಆಗುವುದಿಲ್ಲ. ಕರ್ನಲ್‌ನವರು ಆ ಆಯ್ಕೆಯನ್ನು ಆಫ್ ಮಾಡಿಯೇ ಇಟ್ಟಿದ್ದಾರೆ. ಮತ್ತೆ ಟೀಮಿನವರೆಲ್ಲ ಒಂದೇ ವರ್ಷನ್ ಇಟ್ಟುಕೊಳ್ಳಿ. ವರ್ಷನ್ ಬೇರೆಯಾದರೆ ಅದೇ ಕಾನ್ಫಿಗ್‌ಗೂ ಔಟ್‌ಪುಟ್ ಬೇರೆ ಬರಬಹುದು.