ಬೆಂಚುಗಳಿಲ್ಲದ ಚರ್ಚ್: ಸಾನ್ ಹ್ವಾನ್ ಚಮುಲಾದಲ್ಲಿ ಒಂದು ಹಗಲು

ಮೆಕ್ಸಿಕೋದ ದಕ್ಷಿಣ ಭಾಗದ ಚಿಯಾಪಾಸ್ ರಾಜ್ಯಕ್ಕೆ ಹೋದವರು ಸಾಮಾನ್ಯವಾಗಿ ಸಾನ್ ಕ್ರಿಸ್ತೋಬಲ್ ದೆ ಲಾಸ್ ಕಾಸಾಸ್ ನಗರದಲ್ಲಿ ತಂಗಿ, ಅಲ್ಲಿಂದ ಸುಮಾರು 10 ಕಿ.ಮೀ. ದೂರದ ಸಾನ್ ಹ್ವಾನ್ ಚಮುಲಾಕ್ಕೆ ಬೆಳಗ್ಗೆ ಹೋಗಿ ಸಂಜೆಯೊಳಗೆ ಮರಳುತ್ತಾರೆ. ನಾನೂ ಮಾರುಕಟ್ಟೆಯ ಬಳಿಯಿಂದ ಹೊರಡುವ ವ್ಯಾನಿನಲ್ಲಿ, ಕಾಲಡಿ ಚೀಲಗಳನ್ನಿಟ್ಟುಕೊಂಡ ಹೆಂಗಸರ ನಡುವೆ ಕುಳಿತು ಹೋದೆ. ಸಮುದ್ರಮಟ್ಟದಿಂದ 2,200 ಮೀಟರಿನಷ್ಟು ಎತ್ತರದಲ್ಲಿರುವ ಈ ಊರು ತ್ಸೊತ್ಸಿಲ್ ಭಾಷೆಯಾಡುವ ಮಾಯಾ ಎಂಬ ಮೂಲನಿವಾಸಿ ಜನರದು. ಇಲ್ಲಿನ ಹೆಂಗಸರು ಉಡುವ, ಕುರಿಯ ತುಪ್ಪಟದಂತೆಯೇ ಕಾಣುವ ದಪ್ಪನೆಯ ಕಪ್ಪು ಉಣ್ಣೆಯ ಲಂಗ ಈ ಚಳಿಗೆ ತಕ್ಕ ಉಡುಪು.

ಊರಿನ ಚೌಕದ ಅಂಚಿನಲ್ಲಿರುವ ಚರ್ಚಿಗೆ ಬಿಳಿಯ ಗೋಡೆ, ಹಸಿರು ಬಣ್ಣ ಬಳಿದ ಕಮಾನು. ಹೊರಗಿನವರು ಮೊದಲು ಟಿಕೆಟ್ ಕೊಳ್ಳಬೇಕು. ಒಳಗೆ ಫೋಟೋ ತೆಗೆಯುವುದು ಸಂಪೂರ್ಣ ನಿಷಿದ್ಧ. ಈ ನಿಯಮದ ಬಗ್ಗೆ ಗೊಣಗುವ ಪ್ರವಾಸಿಗರಿದ್ದಾರೆ. ನನಗಂತೂ ಅದು ನೂರಕ್ಕೆ ನೂರು ಸರಿಯೆನಿಸುತ್ತದೆ, ಏಕೆಂದರೆ ಒಳಗೆ ಕುಳಿತವರಲ್ಲಿ ಹೆಚ್ಚಿನವರು ಮನೆಯವರ ಕಾಯಿಲೆಯನ್ನೋ ಸಂಕಟವನ್ನೋ ಹೊತ್ತು ಬಂದವರು. ಇನ್ನೊಬ್ಬರ ರೋಗದ ಮಾತು ನಡೆಯುವಲ್ಲಿ ಕ್ಯಾಮೆರಾ ಎತ್ತುವ ಹಕ್ಕು ಯಾರಿಗೂ ಇಲ್ಲ.

ಒಳಗೆ ಒಂದೇ ಒಂದು ಬೆಂಚೂ ಇಲ್ಲ. ನೆಲದ ತುಂಬ ಹಸಿರು ಪೈನ್ ಮರದ ಸೂಜಿಯೆಲೆಗಳನ್ನು ಹಾಸಿರುತ್ತಾರೆ. ಅದರ ವಾಸನೆ, ಕೋಪಾಲ್ ಧೂಪದ ಹೊಗೆ ಮತ್ತು ಕರಗುತ್ತಿರುವ ಮೇಣದ ಬಿಸಿ ಒಟ್ಟಾಗಿ ಬಾಗಿಲಲ್ಲೇ ಎದುರಾಗುತ್ತವೆ. ಎರಡೂ ಬದಿಯ ಗೋಡೆಗಳುದ್ದಕ್ಕೂ ಗಾಜಿನ ಪೆಟ್ಟಿಗೆಗಳಲ್ಲಿ ಸಂತರ ಪ್ರತಿಮೆಗಳಿದ್ದು, ಹಲವರ ಎದೆಯ ಮೇಲೆ ಕನ್ನಡಿಗಳು ತೂಗುತ್ತವೆ. ಪ್ರಧಾನ ಸ್ಥಾನ ಊರಿಗೆ ಹೆಸರು ಕೊಟ್ಟ ಸ್ನಾನಿಕ ಯೋಹಾನನದು (ಸ್ಪ್ಯಾನಿಷ್‌ನಲ್ಲಿ ಸಾನ್ ಹ್ವಾನ್).

ಗೋಡೆಗೆ ಒತ್ತಿ ನಿಂತು ನಾನು ಬಹಳ ಹೊತ್ತು ಗಮನಿಸಿದ್ದು ಒಂದು ಕುಟುಂಬವನ್ನು. ವಯಸ್ಸಾದ ಹೆಂಗಸೊಬ್ಬರು ಮಂಡಿಯೂರಿ ಕುಳಿತು, ಅಂಗೈಯಿಂದ ಸೂಜಿಯೆಲೆಗಳನ್ನು ಬದಿಗೆ ಸರಿಸಿ ನೆಲವನ್ನು ಬರಿದು ಮಾಡಿದರು. ಬಳಿಕ ಪ್ರತಿಯೊಂದು ಸಣ್ಣ ಮೇಣದಬತ್ತಿಯ ಬುಡವನ್ನು ಬೆಂಕಿಗೆ ಹಿಡಿದು ಮೆತ್ತಗೆ ಮಾಡಿ, ನೆಲಕ್ಕೇ ಒತ್ತಿ ಅಂಟಿಸುತ್ತ, ಸಾಲಿನ ಹಿಂದೆ ಸಾಲು ನಿಲ್ಲಿಸಿದರು. ಅವಸರವಿಲ್ಲದ, ಕೈಗೆ ಪಳಗಿದ ಕೆಲಸ. ಎಲ್ಲವೂ ಉರಿಯತೊಡಗಿದ ಮೇಲೆ ಪಕ್ಕದಲ್ಲಿದ್ದ ಹುಡುಗನ ಮಣಿಕಟ್ಟಿನ ನಾಡಿ ಹಿಡಿದು, ತ್ಸೊತ್ಸಿಲ್‌ನಲ್ಲಿ ಒಂದೇ ಲಯದ ದೀರ್ಘ ಪ್ರಾರ್ಥನೆಗೆ ತೊಡಗಿದರು. ಇಂಥ ವೈದ್ಯರನ್ನು ಇಲೋಲ್ ಎನ್ನುತ್ತಾರೆ. ಬೆಚ್ಚಿಬಿದ್ದಾಗ ಆತ್ಮದ ಒಂದು ಭಾಗ ದೇಹವನ್ನು ತೊರೆದು ಕಾಯಿಲೆ ಬರುತ್ತದೆಂದೂ, ಅದನ್ನು ಬೇಡಿಕೊಂಡು ಮರಳಿ ಪಡೆಯಬೇಕೆಂದೂ ಇಲ್ಲಿನ ನಂಬಿಕೆ. ತುಸು ಆಚೆ ಉರಿದು ಮುಗಿದ ಬತ್ತಿಗಳ ಮೇಣವನ್ನು ಒಬ್ಬಾತ ನೆಲದಿಂದ ಕೆರೆದು ತೆಗೆಯುತ್ತಿದ್ದ.

ಚಮುಲಾ ಎಂದೊಡನೆ ಎಲ್ಲರೂ ಹೇಳುವುದು ಚರ್ಚಿನೊಳಗೆ ಪ್ರಾರ್ಥನೆಗೆ ಬಳಸುವ ಕೋಕಾ-ಕೋಲಾ ಬಾಟಲಿಗಳ ಕಥೆ. ಅವು ಇರುವುದು ನಿಜ. ಕಬ್ಬಿನಿಂದ ಮಾಡುವ ಪೋಷ್ ಎಂಬ ಮದ್ಯವೂ, ಕೆಲವೊಮ್ಮೆ ಬಲಿ ಕೊಡುವ ಕೋಳಿಯೂ ಇರುತ್ತವೆ. ಆದರೆ ಅದನ್ನೇ ವಿಚಿತ್ರವೆಂದು ಎತ್ತಿ ಹೇಳುವವರು, ಸಂತನಿಗೆ ಅರ್ಪಿಸಿದ್ದನ್ನು ಕುಳಿತವರೆಲ್ಲ ಹಂಚಿಕೊಂಡು ಕುಡಿಯುವುದೇ ಆ ಪ್ರಾರ್ಥನೆಯ ಅಂಗವೆಂಬುದನ್ನು ಮರೆಯುತ್ತಾರೆ. ಇದನ್ನು ಕ್ಯಾಥೊಲಿಕ್ ಮತ್ತು ಮಾಯಾ ಪದ್ಧತಿಗಳ ಮಿಶ್ರಣ ಎಂದು ಕರೆದು ಮುಗಿಸುವುದೂ ನನಗೆ ಒಪ್ಪಿಗೆಯಿಲ್ಲ. ಸ್ಪೇನಿನ ಪಾದ್ರಿ ಬಾರ್ತೊಲೊಮೆ ದೆ ಲಾಸ್ ಕಾಸಾಸ್ 1545ರಲ್ಲಿ ಚಿಯಾಪಾಸ್‌ಗೆ ಬಿಷಪ್ ಆಗಿ ಬಂದ ಕಾಲದಿಂದ ಲೆಕ್ಕ ಹಾಕಿದರೂ, ಸುಮಾರು ಐದು ಶತಮಾನಗಳ ಅವಧಿಯಲ್ಲಿ ಈ ಜನ ತಮಗೆ ಬೇಕಾದುದನ್ನು ಇಟ್ಟುಕೊಂಡು, ಬೇಡವಾದುದನ್ನು ಬಿಟ್ಟು, ತಮ್ಮದೇ ಒಂದು ಧರ್ಮವನ್ನು ಕಟ್ಟಿಕೊಂಡಿದ್ದಾರೆ. ಇಲ್ಲಿ ಪಾದ್ರಿಯ ಕೆಲಸ ಮುಖ್ಯವಾಗಿ ದೀಕ್ಷಾಸ್ನಾನಕ್ಕಷ್ಟೇ ಸೀಮಿತ. ಸಂತರ ಸೇವೆ, ಹೂವು, ಹಬ್ಬದ ಖರ್ಚು ಎಲ್ಲವನ್ನೂ ಊರಿನವರೇ ಆದ, ಮಯೋರ್ದೋಮೊ ಎಂಬ ಸೇವಾದಾರರು ಸರದಿಯಂತೆ ಹೊರುತ್ತಾರೆ. ಅದು ದುಬಾರಿಯಾದರೂ ಗೌರವದ ಹೊಣೆ.

ಈ ಸ್ವಾಯತ್ತತೆಗೆ ಕಠೋರವಾದ ಇನ್ನೊಂದು ಮುಖವಿದೆ, ಅದನ್ನು ಮುಚ್ಚಿಟ್ಟು ಬರೆಯುವುದು ಸಲ್ಲದು. 1970ರ ದಶಕದಿಂದ, ಪ್ರಾಟೆಸ್ಟೆಂಟ್ ಪಂಥ ಸೇರಿದ ಸಾವಿರಾರು ಚಮುಲಾ ಜನರನ್ನು ಅವರ ಮನೆ, ಹೊಲಗಳಿಂದ ಹೊರಗಟ್ಟಲಾಯಿತು. ಅವರಲ್ಲಿ ಅನೇಕರು ಸಾನ್ ಕ್ರಿಸ್ತೋಬಲ್ ನಗರದ ಅಂಚಿನಲ್ಲಿ ಹೊಸ ಬಡಾವಣೆಗಳನ್ನು ಕಟ್ಟಿಕೊಂಡರು. ಅದು ಕೇವಲ ಮತದ ಜಗಳವಲ್ಲ, ಊರಿನ ಅಧಿಕಾರದ ಜಗಳವೂ ಆಗಿತ್ತು. ಚರ್ಚಿನೊಳಗೆ ಕಂಡ ಭಕ್ತಿಯನ್ನು ನಾನು ಮನಸಾರೆ ಗೌರವಿಸುತ್ತೇನೆ. ಹೊರಗಟ್ಟಲ್ಪಟ್ಟವರಿಗೆ ಆದ ಅನ್ಯಾಯವನ್ನು ಆ ಗೌರವದ ಹೆಸರಿನಲ್ಲಿ ಮನ್ನಿಸಲಾರೆ.

ಹೋಗುವವರು ಹಳೆಯ ಸಾನ್ ಸೆಬಾಸ್ತಿಯಾನ್ ಚರ್ಚಿನ ಪಾಳುಗೋಡೆಗಳನ್ನೂ ನೋಡಬೇಕು. ಅದರ ಸುತ್ತಲಿನ ಸ್ಮಶಾನದ ಶಿಲುಬೆಗಳಲ್ಲಿ ಕಪ್ಪು ಬಣ್ಣದವು ವೃದ್ಧರದು, ಬಿಳಿಯವು ಎಳೆಯರದು ಎನ್ನುತ್ತಾರೆ. ಜೂನ್ 24ರ ಯೋಹಾನನ ಹಬ್ಬಕ್ಕೂ ಕಾರ್ನಿವಲ್‌ಗೂ ಊರು ಕಿಕ್ಕಿರಿಯುವುದರಿಂದ, ಪ್ರಾರ್ಥನೆಯನ್ನು ಹತ್ತಿರದಿಂದ ಅರಿಯಬೇಕೆನ್ನುವವರಿಗೆ ಸಾಧಾರಣ ದಿನವೇ ಮೇಲು. ಸಾಧ್ಯವಾದರೆ ಅದೇ ಊರಿನ ಮಾರ್ಗದರ್ಶಕರನ್ನು ಕರೆದುಕೊಳ್ಳಿ. ಒಳಗೆ ಹೋದಾಗ ಉರಿಯುವ ಬತ್ತಿಗಳನ್ನು ದಾಟದೆ, ಗೋಡೆಯ ಬದಿಯಲ್ಲಿ ನಿಂತು, ಕುಳಿತವರಿಗೆ ಜಾಗ ಬಿಡಿ.