ಬೋಂಡನ ಗೊರಕೆ

ನಮ್ಮ ಬೀದೀಲಿ ಅವನ ಹೆಸರು ಯಾರಿಗೂ ಬೇಕಾಗಿಲ್ಲ, ಎಲ್ರಿಗೂ ಅವನು "ಹಚ್ ನಾಯಿ". 2003ರಲ್ಲಿ ಟಿವೀಲಿ ಒಬ್ಬ ಹುಡುಗನ ಹಿಂದೆ ಹಿಂದೆನೇ ಒಂದು ಪಗ್ ಹೋಗ್ತಿತ್ತಲ್ಲ, ಹಚ್ ಮೊಬೈಲ್ ಕಂಪನಿಯ ಆ ಜಾಹೀರಾತು. 2007ಕ್ಕೆ ಹಚ್ ಹೋಗಿ ವೊಡಾಫೋನ್ ಆಯ್ತು, ಈಗ ಅದೂ ಇನ್ನೇನೋ ಆಗಿದೆ, ನಾಯಿಗೆ ಅಂಟಿದ ಹೆಸರು ಮಾತ್ರ ಬಿಟ್ಟಿಲ್ಲ. ನಾನು ಆಗ ಸ್ಕೂಲಲ್ಲಿದ್ದೆ, ತಗೊಂಡ್ರೆ ಇದೇ ನಾಯಿ ಅಂತ ಅವತ್ತೇ ತೀರ್ಮಾನ ಮಾಡಿದ್ದೆ, ಕೆಲಸಕ್ಕೆ ಸೇರಿದ ಮೇಲೆ ಮೈಸೂರಲ್ಲಿದ್ದಾಗ ತಗೊಂಡೂ ಬಂದೆ. ಅಮ್ಮ ನೋಡಿ "ಇದೇನೋ, ಗೋಡೆಗೆ ಮೂತಿ ಗುದ್ದಿಕೊಂಡು ಬಂದಂಗಿದೆ" ಅಂದ್ಲು. ಒಂದೇ ವಾರಕ್ಕೆ ಬೋಂಡ ಅಂತ ಹೆಸರಿಟ್ಟವಳೂ ಅವಳೇ, ತುಪ್ಪದ ದೋಸೆ ಶುರು ಮಾಡಿದವಳೂ ಅವಳೇ.

ಮಾರಿದವರು ಮೊದಲೇ ಹೇಳಿದ್ರು, ಗೊರಕೆ ಹೊಡಿತಾನೆ ಸಾರ್, ಪಗ್ ಅಂದ್ರೆ ಹಂಗೇ. ಹೊಡೆದ ನೋಡಿ, ಪಕ್ಕದ ಮನೆಯವರು ಅದು ನಮ್ಮಪ್ಪಂದು ಅಂದ್ಕೊಂಡಿದ್ರು. ನಾವು ವಿಡಿಯೋ ಮಾಡಿ ಫ್ಯಾಮಿಲಿ ಗ್ರೂಪಿಗೆ ಹಾಕೋದು, ಎಲ್ರೂ ನಗೋದು. ಎಷ್ಟೋ ಸಲ ಕೂತ್ಕೊಂಡೇ ತೂಕಡಿಸ್ತಿದ್ದ, ಇಲ್ಲಾಂದ್ರೆ ಸೋಫಾ ಕೈ ಮೇಲೆ ಗದ್ದ ಎತ್ತಿಟ್ಕೊಂಡು ಮಲಗ್ತಿದ್ದ, ಅದಕ್ಕೂ ನಕ್ವಿ. ಈಗ ಆ ವಿಡಿಯೋಗಳನ್ನ ನೋಡೋಕಾಗಲ್ಲ ನನಗೆ.

ಆಮೇಲೆ ಬಳ್ಳಾರಿಗೆ ಟ್ರಾನ್ಸ್‌ಫರ್ ಆಯ್ತು, ಎಲ್ರೂ ಜೊತೇಲೇ ಬಂದ್ವಿ. ಬಳ್ಳಾರಿ ಬಿಸಿಲು ಅಂದ್ರೆ ಏನು ಅಂತ ಗೊತ್ತಿಲ್ದೆ ಒಂದು ಏಪ್ರಿಲ್ ಭಾನುವಾರ ಎಂಟೂವರೆಗೆ ವಾಕಿಂಗ್ ಕರ್ಕೊಂಡು ಹೋದೆ, ಎಂಟೂವರೆ ಅಂದ್ರೆ ಬೆಳಿಗ್ಗೇನೇ ಅಲ್ವಾ ಅಂತ, ವಾಪಸ್ ಬರೋ ಹೊತ್ತಿಗೆ ಅವನು ಉಸಿರಾಡ್ತಾ ಇರೋ ಸದ್ದು ಗರಗಸ ಆಡಿಸಿದಂಗೆ ಕೇಳಿಸ್ತಿತ್ತು, ಗೇಟ್ ಹತ್ರ ಬಂದು ಹಂಗೇ ಕುಸಿದ. ನಾಲಿಗೆ ನೇರಳೆ ಹಣ್ಣು ತಿಂದಂಗೆ ಆಗಿತ್ತು. ಒಳಗೆ ಕರೆಂಟ್ ಬೇರೆ ಇಲ್ಲ. ನಲ್ಲಿ ತಿರುಗಿಸಿದ್ರೆ ಮೇಲಿನ ಟ್ಯಾಂಕಿ ನೀರು ಬಿಸಿ, ಸಂಪಿಂದ ಬಕೆಟಲ್ಲಿ ಎತ್ತಿ ಎತ್ತಿ ಸುರಿದ್ವಿ, ಅಪ್ಪ ನ್ಯೂಸ್ ಪೇಪರಲ್ಲಿ ಗಾಳಿ ಹಾಕ್ತಾ ಕೂತ್ರು, ಆಮೇಲೆ ಒದ್ದೆ ಮೈಯಲ್ಲೇ ಆಟೋಗೆ ಹಾಕ್ಕೊಂಡು ಓಡಿದ್ವಿ. ಜ್ವರ ನೋಡಿದ್ರೆ 106 ಡಿಗ್ರಿ. ನಾಯಿಗೆ ನಾರ್ಮಲ್ ಅಂದ್ರೆ 101ರಿಂದ 102.5 ಒಳಗೆ ಇರ್ಬೇಕು. ನೀರು ಹಾಕ್ಕೊಂಡು ಬಂದಿದ್ದಕ್ಕೆ ಉಳೀತು ಅಂದ್ರು ಡಾಕ್ಟ್ರು.

ಅವತ್ತೇ ಅವರು ಬೋಂಡನ ಮೂಗು ತೋರಿಸಿದ್ರು. ಎರಡು ವರ್ಷ ಮುದ್ದಾಡಿದ ಮೂಗು, ಒಂದು ದಿನಾನೂ ಸರಿಯಾಗಿ ನೋಡಿರಲಿಲ್ಲ. ಹೊಳ್ಳೆ ದುಂಡಗಿರ್ಬೇಕು, ಇವನದು ಬ್ಲೇಡಲ್ಲಿ ಗೀರಿದಂಗೆ ಸಣ್ಣ ಸೀಳು ಅಷ್ಟೇ. ನಾಯಿ ನಮ್ಮಂಗೆ ಬೆವರಲ್ಲ, ಬಾಯಿ ತೆಗೆದು ಏದುಸಿರು ಬಿಟ್ಟೇ ಮೈ ತಣ್ಣಗೆ ಮಾಡ್ಕೋಬೇಕು. ಪಗ್‌ದು ಏನಾಗಿದೆ ಅಂದ್ರೆ, ನೋಡೋಕೆ ಮುದ್ದಾಗಿರ್ಲಿ ಅಂತ ತಲೆಮಾರುಗಟ್ಟಲೆ ಆರಿಸಿ ಆರಿಸಿ ಮರಿ ಮಾಡಿಸಿ ಮೂತಿ ಮೂಳೆ ಗಿಡ್ಡ ಆಯ್ತು, ಒಳಗಿನ ಮಾಂಸ ಮಾತ್ರ ಆ ಲೆಕ್ಕಕ್ಕೆ ಗಿಡ್ಡ ಆಗ್ಲಿಲ್ಲ, ಅಂಗುಳದ ಹಿಂಭಾಗ ಗಂಟಲೊಳಗೆ ಜೋತು ಬಿದ್ದು ಗಾಳಿಗೆ ಅಡ್ಡ ನಿಲ್ಲುತ್ತೆ. ಗೊರಕೆ ಅಂದ್ರೆ ಆ ಮಾಂಸ ಅದುರೋ ಸದ್ದು. ಕೂತು ನಿದ್ದೆ ಮಾಡ್ತಿದ್ದಿದ್ದು, ಗದ್ದ ಎತ್ತಿಡ್ತಿದ್ದಿದ್ದು ಎಲ್ಲಾ ಉಸಿರಿಗೆ ದಾರಿ ಮಾಡ್ಕೊಳ್ಳೋಕೆ ಅಂತೆ. ನಾನು ಬಾಯಿ ಮುಚ್ಕೊಂಡು ಕೇಳ್ತಾ ಕೂತೆ.

ಆಪರೇಷನ್‌ಗೆ ಮುಂಚೆ ತೂಕ ಇಳಿಸ್ಬೇಕಿತ್ತು. ಪಗ್ ಆರರಿಂದ ಎಂಟು ಕೆಜಿ ಒಳಗಿದ್ರೆ ಚೆಂದ, ನಮ್ಮವನು 11.4. ನಾನು ಅಮ್ಮನ್ನ ನೋಡಿದೆ, ಅಮ್ಮ ಫ್ಯಾನ್ ನೋಡಿದ್ಲು. ದೋಸೆ ಬಂದ್, ಬದಲಿಗೆ ಸೌತೆಕಾಯಿ, ಕ್ಯಾರೆಟ್. ಮೊದಲ ವಾರ ಸೌತೆಕಾಯಿನ ಬಾಯಲ್ಲಿ ತಗೊಂಡು ಹೋಗಿ ಅಮ್ಮನ ಕಾಲ ಹತ್ರ ಇಟ್ಟು ಬರೋನು. ನಾಲ್ಕು ತಿಂಗಳು ಹಿಡೀತು. ಆಮೇಲೆ ಬೆಂಗಳೂರಲ್ಲಿ ಹೊಳ್ಳೆ ಅಗಲ ಮಾಡಿ ಅಂಗುಳ ಸ್ವಲ್ಪ ಕತ್ತರಿಸಿದ್ರು. ಈ ಜಾತಿಗೆ ಅನಸ್ತೇಶಿಯಾದಿಂದ ಎಚ್ಚರ ಆಗೋ ಹೊತ್ತೇ ಜಾಸ್ತಿ ಅಪಾಯ, ಪೂರ್ತಿ ಎಚ್ಚರ ಆಗೋವರೆಗೂ ಗಂಟಲ ಟ್ಯೂಬ್ ತೆಗೆಯಲ್ಲ, ನಾನು ಹೊರಗೆ ಕೂತು ಟೀ ಮೇಲೆ ಟೀ.

ಉಳಿದಿದ್ದೆಲ್ಲ ದಿನಾ ಇರೋ ಕೆಲಸ. ಮೂಗಿನ ಮೇಲಿನ ಮಡಿಕೇನ ಒದ್ದೆ ಹತ್ತೀಲಿ ಒರೆಸೋದಕ್ಕಿಂತ ಆಮೇಲೆ ಒಣಗಿಸೋದು ಮುಖ್ಯ, ತೇವ ಉಳಿದ್ರೆ ಹುಣ್ಣಾಗಿ ನಾರುತ್ತೆ, ಅದಕ್ಕೆ ಅಪ್ಪನ ಹಳೇ ಪಂಚೆ ಹರಿದು ಇಟ್ಕೊಂಡಿದೀವಿ. ಕಣ್ಣು ಹೊರಗೆ ಉಬ್ಬಿರೋದ್ರಿಂದ ತುಳಸಿ ಕಟ್ಟೆ ಹತ್ರ ಮೂಸೋಕೆ ಹೋಗಿ ಕಡ್ಡಿ ತಾಗಿಸ್ಕೊಂಡು ಒಂದ್ಸಲ ಹುಣ್ಣು ಮಾಡ್ಕೊಂಡ. ಕುತ್ತಿಗೆಗೆ ಬೆಲ್ಟ್ ಹಾಕಲ್ಲ, ಎದೆಗೆ ಹಾಕೋ ಹಾರ್ನೆಸ್ ಅಷ್ಟೇ. ಕೂದಲಿನ ವಿಷಯ ಬೇಡ ಬಿಡಿ, ನನ್ನ ಕಪ್ಪು ಪ್ಯಾಂಟ್ ಯಾವುದೂ ಈಗ ಕಪ್ಪಗಿಲ್ಲ.

ವಾಕಿಂಗ್ ಈಗ ಐದೂವರೆಗೆ, ಬೇಸಿಗೇಲಿ ಅದೂ ಹತ್ತೇ ನಿಮಿಷ. ಆ ಹೊತ್ತಿಗೆ ಹಿಂದಿನ ಬೀದಿಯವರು ಅವರ ಮುಧೋಳ ನಾಯಿ ಕರ್ಕೊಂಡು ಬರ್ತಾರೆ, ಮೊಳದುದ್ದ ಮೂತಿ, ಓಡಿ ಬಂದು ನಿಂತ್ರೂ ಎರಡು ನಿಮಿಷಕ್ಕೆ ಬಾಯಿ ಮುಚ್ಕೊಂಡು ಆರಾಮಾಗಿ ನಿಂತಿರುತ್ತೆ. ಬೋಂಡ ಅದರ ಕಾಲ ಕೆಳಗೆ ನಿಂತು ಧಿಮಾಕಿನಿಂದ ಬೊಗಳ್ತಾನೆ. ದಾರೀಲಿ ಯಾರಾದ್ರೂ ನಿಲ್ಸಿ "ಎಷ್ಟು ಕೊಟ್ರಿ ಸಾರ್, ಎಲ್ಲಿ ಸಿಗುತ್ತೆ" ಅಂತ ಕೇಳಿದ್ರೆ ರೇಟ್ ಹೇಳೋದು ಬಿಟ್ಟಿದೀನಿ, ಆಪರೇಷನ್ ಖರ್ಚು ಹೇಳ್ತೀನಿ.

ಆಪರೇಷನ್ ಆಗಿ ಮನೆಗೆ ಬಂದ ಮೊದಲ ರಾತ್ರಿ ಮನೇಲಿ ಸದ್ದೇ ಇಲ್ಲ. ಎರಡು ಗಂಟೆಗೆ ಎದ್ದು ಹೋದ್ರೆ ಅಪ್ಪ ಅಮ್ಮ ಇಬ್ರೂ ಆಗ್ಲೇ ಟಾರ್ಚ್ ಹಿಡ್ಕೊಂಡು ಅವನ ಪಕ್ಕ ಕೂತಿದ್ರು, ಅಮ್ಮ ಮೂಗಿನ ಮುಂದೆ ಬೆರಳು ಹಿಡಿದಿದ್ಲು. ಮಗ್ಗುಲಾಗಿ ಕಾಲು ಚಾಚ್ಕೊಂಡು ಮಲಗಿದ್ದ, ಅವನು ಹಂಗೆ ಮಲಗಿದ್ದು ನಾನು ನೋಡಿದ್ದೇ ಅದು ಮೊದಲು. "ಹೋಗಿ ಮಲ್ಕೋ, ಬೆಚ್ಚಗೆ ಗಾಳಿ ಬರ್ತಿದೆ" ಅಂದ್ಲು, ಆದ್ರೆ ಅವಳೇ ಎದ್ದಿಲ್ಲ.